ಒಂದು ಹನಿ ರಕ್ತದ ಲೆಕ್ಕ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಶಾಲೆಯ ಕಟ್ಟಡದ ಬಗ್ಗೆ, ಗುರುಗಳ ಬಗ್ಗೆ, ಆಟದ ಮೈದಾನದ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಪ್ರಯೋಗಾಲಯ ತಂತ್ರಜ್ಞರ ತರಬೇತಿ ಪಡೆದು, ತಾಲ್ಲೂಕು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತಳಾದ ನಾನು ನನಗೆ ತಿಳಿದ ವಿಷಯವನ್ನೇ ಬರೆಯುತ್ತೇನೆಂದು ಸಂಪಾದಕ ಮಂಡಳಿಯವರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಇಂದು ನಮ್ಮ ಊರುಗಳಲ್ಲಿ 'ಸಿಬಿಸಿ' ಎಂಬ ಮೂರು ಅಕ್ಷರ ಕೇಳದ ಮನೆಯಿಲ್ಲ. ಜ್ವರ ಮೂರು ದಿನ ಬಿಡದಿದ್ದರೆ ಸಿಬಿಸಿ, ಸುಸ್ತು ಎಂದರೆ ಸಿಬಿಸಿ, ಬಸುರಿಗೆ ಸಿಬಿಸಿ, ಶಸ್ತ್ರಚಿಕಿತ್ಸೆಗೆ ಮೊದಲು ಸಿಬಿಸಿ. ರಕ್ತದ ಪೂರ್ಣ ಎಣಿಕೆ ಎಂಬುದು ಅದರ ಅರ್ಥ. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ರಕ್ತ ಕೊಟ್ಟರೆ ಸ್ವಲ್ಪ ಹೊತ್ತಿಗೆ ಇಪ್ಪತ್ತು ಸಾಲುಗಳ ಚೀಟಿ ಕೈಗೆ ಬರುತ್ತದೆ. ಚೀಟಿ ಹಿಡಿದು ಬಂದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ, ಎಲ್ಲಾ ನಾರ್ಮಲ್ ಅಲ್ವಾ?" ಆ ಇಪ್ಪತ್ತು ಸಾಲುಗಳ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಕತೆಯಿದೆ. ಅದನ್ನು ತಿಳಿದರೆ ಚೀಟಿಯನ್ನು ಹೇಗೆ ಓದಬೇಕು, ಓದಿದ ಮೇಲೆ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಎಣಿಸಿದ ಮೊದಲಿಗರು

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ರಕ್ತವನ್ನು ನೋಡಿ, ಅದರಲ್ಲಿ ತೇಲುವ ಕೆಂಪು ಕಣಗಳನ್ನು 1674ರಲ್ಲಿ ವರ್ಣಿಸಿದ. ಇದನ್ನು ನಾವು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಪಾಠದಲ್ಲಿ ಇಲ್ಲದ ಸಂಗತಿಯೆಂದರೆ, ಕಂಡ ಕಣಗಳನ್ನು ಎಣಿಸಲು ಮನುಷ್ಯನಿಗೆ ಇನ್ನೂ ಸುಮಾರು 180 ವರ್ಷ ಬೇಕಾಯಿತು ಎಂಬುದು. 1852ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಕಾರ್ಲ್ ಫಿಯರೋರ್ಟ್ ಎಂಬ ವೈದ್ಯವಿಜ್ಞಾನಿ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಅಳತೆಯ ರಕ್ತವನ್ನು ಹೀರಿ, ತೆಳುಮಾಡಿ, ಗಾಜಿನ ಮೇಲೆ ಹರಡಿ, ಒಂದೊಂದೇ ಕಣವನ್ನು ಎಣಿಸಿದ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಹನಿಯಲ್ಲಿ, ಸುಮಾರು 50 ಲಕ್ಷ ಕೆಂಪು ಕಣಗಳಿವೆ ಎಂದು ಅವನ ಲೆಕ್ಕ ಬಂತು. ಇಂದಿನ ಯಂತ್ರ ಕೊಡುವ ಉತ್ತರವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಒಂದು ಎಣಿಕೆಗೆ ಗಂಟೆಗಟ್ಟಲೆ ಹಿಡಿಯುವ ವಿಧಾನದಿಂದ ರೋಗಿಗೆ ಪ್ರಯೋಜನವಾಗುವುದು ಕಷ್ಟ. 1870ರ ದಶಕದಲ್ಲಿ ಪ್ಯಾರಿಸ್ಸಿನ ಮಲಾಸೆ, ಲಂಡನ್ನಿನ ವಿಲಿಯಂ ಗೋವರ್ಸ್ ಮೊದಲಾದವರು ಅಳತೆಯ ಆಳವಿರುವ, ಗೆರೆ ಕೊರೆದ ಗಾಜಿನ ಉಪಕರಣಗಳನ್ನು ಮಾಡಿ ಎಣಿಕೆಯನ್ನು ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ತಂದರು. ಗೋವರ್ಸ್ 1878ರಲ್ಲಿ ರಕ್ತದ ಬಣ್ಣವನ್ನು ಹೋಲಿಸಿ ಹಿಮೋಗ್ಲೋಬಿನ್ ಅಳೆಯುವ ಸರಳ ಸಾಧನವನ್ನೂ ಮಾಡಿದ. ಅದನ್ನು ಸ್ವಿಟ್ಜರ್ಲೆಂಡಿನ ಸಾಹ್ಲಿ 1902ರ ಹೊತ್ತಿಗೆ ಸುಧಾರಿಸಿದ. ರಕ್ತಕ್ಕೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಹತ್ತು ನಿಮಿಷ ಕಾದು, ಕಂದು ಬಣ್ಣ ಬಂದ ಮೇಲೆ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೋಗುವವರೆಗೆ ಹನಿಹನಿಯಾಗಿ ನೀರು ಹಾಕುವುದು ಅದರ ಕ್ರಮ. ನಾನು ಕೆಲಸಕ್ಕೆ ಸೇರಿದಾಗಲೂ ನಮ್ಮ ಮೇಜಿನ ಮೇಲೆ ಇದ್ದದ್ದು ಸಾಹ್ಲಿಯ ಆ ಪೆಟ್ಟಿಗೆಯೇ. ಮೋಡ ಕವಿದ ಮಳೆಗಾಲದಲ್ಲಿ ಬಣ್ಣ ಹೋಲಿಸಲು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆವು.

ಗೆರೆಗಳ ಗಾಜು ಮತ್ತು ಗುಣಾಕಾರ

ಕಣಗಳನ್ನು ಎಣಿಸಲು ನಾವು ಬಳಸುತ್ತಿದ್ದದ್ದು ನ್ಯೂಬಾಯರ್ ಚೇಂಬರ್. ಅದು ದಪ್ಪ ಗಾಜಿನ ತುಂಡು. ಅದರ ನಡುವೆ ಮೂರು ಮಿಲಿಮೀಟರ್ ಉದ್ದ, ಮೂರು ಮಿಲಿಮೀಟರ್ ಅಗಲದ ಜಾಗದಲ್ಲಿ ಒಂಬತ್ತು ಚೌಕಗಳು. ಮೇಲೆ ತೆಳುಗಾಜು ಮುಚ್ಚಿದರೆ ಒಳಗೆ ಉಳಿಯುವ ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬಿಳಿ ಮಣಿಯಿರುವ ಪಿಪೆಟ್ಟಿನಲ್ಲಿ ರಕ್ತವನ್ನು 20 ಪಟ್ಟು ತೆಳುಮಾಡಿ, ನಾಲ್ಕು ಮೂಲೆಯ ಚೌಕಗಳಲ್ಲಿರುವ ಬಿಳಿ ರಕ್ತಕಣಗಳನ್ನು ಎಣಿಸಿ 50ರಿಂದ ಗುಣಿಸಬೇಕು. 140 ಕಣ ಸಿಕ್ಕರೆ 7,000. ಕೆಂಪು ಮಣಿಯ ಪಿಪೆಟ್ಟಿನಲ್ಲಿ 200 ಪಟ್ಟು ತೆಳುಮಾಡಿ, ನಡುವಿನ ಚೌಕದ 25 ಮನೆಗಳಲ್ಲಿ ಐದನ್ನು ಎಣಿಸಿ 10,000ದಿಂದ ಗುಣಿಸಿದರೆ ಕೆಂಪು ಕಣಗಳ ಸಂಖ್ಯೆ. 480 ಸಿಕ್ಕರೆ 48 ಲಕ್ಷ. ಗಣಿತದ ಮೇಷ್ಟ್ರು ಘನಫಲದ ಲೆಕ್ಕ ಮಾಡಿಸುವಾಗ "ಇದೆಲ್ಲ ಮುಂದೆ ಎಲ್ಲಿ ಉಪಯೋಗ?" ಎಂದು ಕೇಳುವ ಮಕ್ಕಳಿಗೆ ಈ ಗಾಜನ್ನು ತೋರಿಸಬಹುದು.

ಈ ಗಾಜಿಗೆ ಗಣಿತದ ಚರಿತ್ರೆಯಲ್ಲೂ ಒಂದು ಸ್ಥಾನವಿದೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಎಂಬಾತ ಇದೇ ಬಗೆಯ ಗಾಜಿನಲ್ಲಿ ಹುದುಗುಬರಿಸುವ ಯೀಸ್ಟ್ ಕಣಗಳನ್ನು ಎಣಿಸುತ್ತಿದ್ದ. ಒಂದೇ ಮಾದರಿಯನ್ನು ಎರಡು ಸಲ ಎಣಿಸಿದರೆ ಸಂಖ್ಯೆ ಬೇರೆಬೇರೆ ಬರುತ್ತದಲ್ಲ, ಆ ವ್ಯತ್ಯಾಸ ಎಷ್ಟಿರಬಹುದು ಎಂಬುದರ ಮೇಲೆ 1907ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಲೇಖನ ಬರೆದ. 100 ಕಣ ಎಣಿಸಿದರೆ ಸುಮಾರು 10 ಆಚೀಚೆ ಆಗುವುದು ಸಹಜ. 400 ಎಣಿಸಿದರೆ 20, ಅಂದರೆ ನೂರಕ್ಕೆ ಐದು. ಹೆಚ್ಚು ಎಣಿಸಿದಷ್ಟೂ ನಂಬಿಕೆ ಹೆಚ್ಚು. ಸೋಮವಾರ 6,800 ಇದ್ದ ಬಿಳಿ ಕಣ ಬುಧವಾರ 6,300 ಆಯಿತೆಂದು ಗಾಬರಿಯಾಗುವವರಿಗೆ ಗಾಸೆಟ್ ಅಂದೇ ಉತ್ತರ ಕೊಟ್ಟಿದ್ದಾನೆ.

ಬಣ್ಣ ಹಚ್ಚಿದವರು

ಎಷ್ಟು ಎಂಬುದು ತಿಳಿದರೆ ಸಾಲದು, ಯಾವುದು ಎಂಬುದೂ ತಿಳಿಯಬೇಕು. ಬಿಳಿ ರಕ್ತಕಣಗಳಿಗೆ ಸ್ವಂತ ಬಣ್ಣವಿಲ್ಲ. ಕಲ್ಲಿದ್ದಲ ಡಾಂಬರಿನಿಂದ ತೆಗೆದ ಹೊಸ ಬಣ್ಣಗಳು ಜರ್ಮನಿಯ ಬಟ್ಟೆ ಕಾರ್ಖಾನೆಗಳನ್ನು ತುಂಬಿದ್ದ ಕಾಲದಲ್ಲಿ, ಪಾಲ್ ಎರ್ಲಿಕ್ ಎಂಬ ತರುಣ ವೈದ್ಯ ಅವನ್ನೇ ರಕ್ತದ ಮೇಲೆ ಪ್ರಯೋಗಿಸಿದ. 1879ರಲ್ಲಿ, 25ರ ವಯಸ್ಸಿನಲ್ಲಿ, ಇಯೋಸಿನ್ ಎಂಬ ಬಣ್ಣವನ್ನು ಗಾಢವಾಗಿ ಹೀರುವ ಕಣಗಳನ್ನು ಗುರುತಿಸಿ ಇಯೋಸಿನೋಫಿಲ್ ಎಂದ. ಕೆಮ್ಮು, ಉಬ್ಬಸ ಇರುವವರು ನಮ್ಮಲ್ಲಿ "ನಂಗೆ ಇಸ್ನೋಫಿಲಿಯಾ ಇದೆ" ಎನ್ನುವುದುಂಟು. ಆ ಹೆಸರಿನ ಮೂಲ ಒಂದು ಬಟ್ಟೆಯ ಬಣ್ಣ.

ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಸುವ ಬಣ್ಣ ಲೀಶ್‌ಮನ್ ಸ್ಟೇನ್. ಬ್ರಿಟಿಷ್ ಸೈನ್ಯದ ವೈದ್ಯನಾಗಿ ಭಾರತದಲ್ಲಿ ಕೆಲಸ ಮಾಡಿದ್ದ ವಿಲಿಯಂ ಲೀಶ್‌ಮನ್ ಇಂಗ್ಲೆಂಡಿಗೆ ಮರಳಿದ ಮೇಲೆ 1901ರಲ್ಲಿ ಅದನ್ನು ರೂಪಿಸಿದ. ಕಾಲಾ ಅಜಾರ್ ರೋಗದ ಪರೋಪಜೀವಿಯನ್ನು 1903ರಲ್ಲಿ ಲೀಶ್‌ಮನ್ ಮತ್ತು ಮದ್ರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ ಬೇರೆಬೇರೆಯಾಗಿ ವರದಿ ಮಾಡಿದರು. ಸ್ಲೈಡಿನ ಮೇಲೆ ಒಂದು ಹನಿ ರಕ್ತ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ ತೊಳೆದರೆ, ಸೂಕ್ಷ್ಮದರ್ಶಕದ ಕೆಳಗೆ ನ್ಯೂಟ್ರೊಫಿಲ್, ಲಿಂಫೋಸೈಟ್, ಇಯೋಸಿನೋಫಿಲ್ ಎಲ್ಲ ತಮ್ಮ ತಮ್ಮ ವೇಷದಲ್ಲಿ ಕಾಣಿಸುತ್ತವೆ. ನೂರು ಕಣ ಎಣಿಸಿ ಯಾವುದು ಎಷ್ಟು ಎಂದು ಬರೆಯುವುದೇ ಹಳೆಯ ಚೀಟಿಗಳ 'ಡಿ.ಸಿ.' ಒಟ್ಟು ಬಿಳಿ ಕಣಗಳ ಎಣಿಕೆ 'ಟಿ.ಸಿ.' ನಮ್ಮ ಕಾಲದ ಡಾಕ್ಟರು ಸಿಬಿಸಿ ಎಂದು ಬರೆಯುತ್ತಿರಲಿಲ್ಲ, ಟಿ.ಸಿ., ಡಿ.ಸಿ., ಇ.ಎಸ್.ಆರ್., ಎಚ್‌ಬಿ ಎಂದು ಬರೆಯುತ್ತಿದ್ದರು.

ಬೊಂಬಾಯಿಯ ಗಿರಣಿ ಹೆಂಗಸರು

ಇಷ್ಟು ಹೊತ್ತಿಗೆ ಎಣಿಸಲು ಬಂತು. ಎಣಿಸಿದ ಸಂಖ್ಯೆಯಿಂದ ರೋಗಿಯ ಬದುಕು ಹೇಗೆ ಬದಲಾಯಿತು ಎಂಬುದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಉದಾಹರಣೆ ನಮ್ಮ ದೇಶದ್ದೇ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿನಲ್ಲಿ ತೀವ್ರ ರಕ್ತಹೀನತೆಯಿಂದ ನರಳುತ್ತಿದ್ದರು, ಸಾಯುತ್ತಿದ್ದರು. ಅದರ ಕಾರಣ ಹುಡುಕುವುದು ಅವರ ಕೆಲಸ. ವಿಲ್ಸ್ ಆ ಹೆಂಗಸರ ರಕ್ತವನ್ನು ಎಣಿಸಿದರು, ಕಣಗಳ ಗಾತ್ರ ಅಳೆದರು, ಅವರ ಊಟದಲ್ಲಿ ಏನಿದೆ ಎಂದು ವಿಚಾರಿಸಿದರು. ಕೆಂಪು ಕಣಗಳ ಸಂಖ್ಯೆ ಬಹಳ ಕಡಿಮೆ, ಆದರೆ ಇದ್ದ ಕಣಗಳ ಗಾತ್ರ ಮಾಮೂಲಿಗಿಂತ ದೊಡ್ಡದು. ಕಬ್ಬಿಣದ ಕೊರತೆಯಲ್ಲಿ ಕಣ ಚಿಕ್ಕದಾಗುತ್ತದೆ. ಹಾಗಾದರೆ ಇದು ಬೇರೆಯೇ ಕೊರತೆ. ನೀಲಗಿರಿಯ ಕೂನೂರಿನ ಸಂಸ್ಥೆಯಲ್ಲೂ ಅವರು ಕೆಲವು ಕಾಲ ಕೆಲಸ ಮಾಡಿದರು. ಇಲಿಗಳ ಮೇಲೆ, ಕೋತಿಗಳ ಮೇಲೆ ಪ್ರಯೋಗ ಮಾಡಿ, ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ರೋಗಿಗಳ ರಕ್ತ ಸುಧಾರಿಸುವುದನ್ನು ಕಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು.

ಯೀಸ್ಟ್ ಸಾರದಲ್ಲಿದ್ದ ಆ ವಸ್ತು ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಪ್ರಯೋಗಾಲಯ ಫೋಲಿಕ್ ಆಮ್ಲಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಅಮಿನಾಪ್ಟೆರಿನ್ ಎಂಬ ಔಷಧಿಯನ್ನೂ ಮಾಡಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು 1948ರಲ್ಲಿ ವರದಿ ಮಾಡಿದ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಆಗ ಇದ್ದ ಕನ್ನಡಿ ರಕ್ತದ ಮತ್ತು ಮಜ್ಜೆಯ ಕಣಗಳ ಪರೀಕ್ಷೆಯೇ. ಇಂದಿಗೂ ಕ್ಯಾನ್ಸರ್ ಚಿಕಿತ್ಸೆಯ ಪ್ರತಿ ಸುತ್ತಿಗೆ ಮೊದಲು ರಕ್ತ ಎಣಿಸುತ್ತಾರೆ. ಬಿಳಿ ಕಣ ಬಹಳ ಇಳಿದಿದ್ದರೆ ಆ ಸುತ್ತನ್ನು ಮುಂದೂಡುತ್ತಾರೆ.

ಒಂದು ಭಾಗಾಕಾರ

ಕಣದ ಗಾತ್ರವನ್ನು ಅಳೆಯುವುದನ್ನು ಎಲ್ಲ ಪ್ರಯೋಗಾಲಯಗಳಿಗೂ ಸುಲಭ ಮಾಡಿಕೊಟ್ಟವನು ಅಮೆರಿಕದ ಮ್ಯಾಕ್ಸ್‌ವೆಲ್ ವಿಂಟ್ರೋಬ್. ಅವನು 1929ರಲ್ಲಿ ಅಳತೆಯ ಗೆರೆಗಳಿರುವ ಗಾಜಿನ ನಳಿಕೆಯೊಂದನ್ನು ಪರಿಚಯಿಸಿದ. ಅದರಲ್ಲಿ ರಕ್ತ ತುಂಬಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕಣಗಳು ಕೆಳಗೆ ಕೂರುತ್ತವೆ. ಒಟ್ಟು ರಕ್ತದಲ್ಲಿ ಕಣಗಳ ಪಾಲು ಎಷ್ಟು ಎಂದು ಓದಬಹುದು. ಚೀಟಿಯಲ್ಲಿ 'ಪಿಸಿವಿ' ಅಥವಾ 'ಹೆಮಟೋಕ್ರಿಟ್' ಎಂದಿರುವುದು ಇದೇ. ಈ ಪಾಲನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಣದ ಸರಾಸರಿ ಗಾತ್ರ ಸಿಗುತ್ತದೆ. ಅದು 'ಎಂಸಿವಿ'.

ಒಂದು ಲೆಕ್ಕ ನೋಡಿ. ಇಬ್ಬರು ಹೆಂಗಸರು, ಇಬ್ಬರಿಗೂ ಸುಸ್ತು, ಇಬ್ಬರ ಪಿಸಿವಿಯೂ ಶೇ 30. ಒಬ್ಬಳ ಕೆಂಪು ಕಣ 40 ಲಕ್ಷ. ಎಂಸಿವಿ 75 ಬರುತ್ತದೆ. ಇನ್ನೊಬ್ಬಳದು 25 ಲಕ್ಷ, ಎಂಸಿವಿ 120. ಸಾಮಾನ್ಯವಾಗಿ ಇರಬೇಕಾದದ್ದು 80ರಿಂದ 100. ಮೊದಲನೆಯವಳ ಕಣ ಚಿಕ್ಕದು, ಕಬ್ಬಿಣದ ಕೊರತೆಯನ್ನು ಮೊದಲು ಹುಡುಕಬೇಕು. ಎರಡನೆಯವಳದು ದೊಡ್ಡದು, ಫೋಲಿಕ್ ಆಮ್ಲ ಅಥವಾ ಬಿ12ರ ಕೊರತೆ ಇದೆಯೇ ನೋಡಬೇಕು. ಹೊರಗಿನಿಂದ ಇಬ್ಬರೂ ಒಂದೇ ರೀತಿ ಬಿಳಿಚಿಕೊಂಡಿರುತ್ತಾರೆ. "ರಕ್ತ ಕಡಿಮೆ ಇದೆ, ಟಾನಿಕ್ ಕುಡಿ" ಎಂದು ಇಬ್ಬರಿಗೂ ಒಂದೇ ಬಾಟಲಿ ಕೊಟ್ಟರೆ ಒಬ್ಬಳಿಗೆ ಅದು ನೀರಿನಲ್ಲಿ ಹೋಮ ಮಾಡಿದಂತೆ.

ರಂಧ್ರದ ಮೂಲಕ ಹಾದುಹೋದ ಕಣ

ಕೈ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿದವನು ಷಿಕಾಗೋದ ವಾಲೇಸ್ ಕೌಲ್ಟರ್. ಅವನ ಉಪಾಯ ಬಹಳ ಸರಳ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ರಕ್ತಕಣದ ಮೂಲಕ ಹರಿಯುವುದಿಲ್ಲ. ಸಣ್ಣ ರಂಧ್ರವೊಂದರ ಮೂಲಕ ಉಪ್ಪುನೀರಿನ ಜೊತೆ ಕಣಗಳನ್ನು ಹಾಯಿಸಿದರೆ ಪ್ರತಿ ಕಣ ದಾಟುವಾಗಲೂ ವಿದ್ಯುತ್ತಿಗೆ ಕ್ಷಣಕಾಲ ತಡೆಯಾಗುತ್ತದೆ. ತಡೆ ಎಷ್ಟು ಸಲ ಆಯಿತೋ ಅಷ್ಟು ಕಣ. ತಡೆ ಎಷ್ಟು ದೊಡ್ಡದೋ ಕಣ ಅಷ್ಟು ದೊಡ್ಡದು. 1953ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಸೆಕೆಂಡಿಗೆ ಸಾವಿರಾರು ಕಣಗಳ ಎಣಿಕೆ ಸಾಧ್ಯವಾಯಿತು. ಹೆಚ್ಚು ಎಣಿಸಿದಷ್ಟೂ ಎಣಿಕೆ ನಂಬಿಕಸ್ತವಾಗುತ್ತದೆ ಎಂದು ಗಾಸೆಟ್ ಹೇಳಿದ್ದನ್ನು ಕೌಲ್ಟರನ ಯಂತ್ರ ಮಾಡಿ ತೋರಿಸಿತು.

ನಮ್ಮ ಆಸ್ಪತ್ರೆಗೆ ಯಂತ್ರ ಬಂದ ಮೇಲೆ ಒಂದು ಬೆಳಿಗ್ಗೆಗೆ ಹತ್ತು ಜನರ ರಕ್ತ ನೋಡುತ್ತಿದ್ದ ಕೋಣೆಯಲ್ಲಿ ನೂರು ಜನರ ರಕ್ತ ನೋಡುವಂತಾಯಿತು. ಬಾಯಿಯಿಂದ ಪಿಪೆಟ್ಟು ಹೀರುವ ಅಪಾಯವೂ ತಪ್ಪಿತು. ಆದರೂ ಸೂಕ್ಷ್ಮದರ್ಶಕವನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ, ಹಾಕಬಾರದು. ಯಂತ್ರ ಗಾತ್ರ ನೋಡುತ್ತದೆ, ಮುಖ ನೋಡಲಾರದು. ಕೆಲವರ ರಕ್ತದ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿರುವ ರಾಸಾಯನಿಕದಿಂದಾಗಿ ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಅವನ್ನು ಎಣಿಸದೆ 40,000 ಎಂದು ಬರೆಯುತ್ತದೆ. ಸ್ಲೈಡ್ ನೋಡಿದರೆ ಗುಂಪು ಕಣ್ಣಿಗೆ ಬೀಳುತ್ತದೆ, ಮನೆಯವರ ಜೀವ ತಣ್ಣಗಾಗುತ್ತದೆ. ಕುಡಗೋಲಿನಂತೆ ಬಾಗಿದ ಕೆಂಪು ಕಣಗಳನ್ನು 1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ವರದಿ ಮಾಡಿದ್ದು ಸ್ಲೈಡ್ ನೋಡಿಯೇ. 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದೇ ಗುಣ ಕಂಡುಬಂತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಕುಡಗೋಲು ಕಣ ರೋಗದ ಕುಟುಂಬಗಳಿವೆ.

ಮಲೆನಾಡಿನ ಜ್ವರ

ನಮ್ಮ ಶಿವಮೊಗ್ಗ ಜಿಲ್ಲೆಗೆ ರಕ್ತದ ಎಣಿಕೆಯೊಂದಿಗೆ ವಿಶೇಷ ಸಂಬಂಧವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು, ಉಣುಗಿನಿಂದ ಅದು ಹರಡುತ್ತದೆಂದು ತಿಳಿಯಿತು. ಮಂಗನ ಕಾಯಿಲೆಯ ಮೊದಲ ದಿನಗಳಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಕಾಡಿಗೆ ಹೋಗಿ ಬಂದವನಿಗೆ ಜ್ವರ ಬಂದು ಎರಡೂ ಇಳಿದಿದ್ದರೆ ನಮ್ಮ ಕಡೆಯ ವೈದ್ಯರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಡೆಂಗಿಯಲ್ಲೂ ಹೀಗೆಯೇ ಇಳಿಯುತ್ತದೆ. ಎಣಿಕೆ ಅನುಮಾನ ಹುಟ್ಟಿಸುತ್ತದೆ; ಯಾವ ರೋಗ ಎಂದು ತೀರ್ಮಾನಿಸಲು ಬೇರೆ ಪರೀಕ್ಷೆ ಬೇಕು.

ಡೆಂಗಿ ಬಂದಾಗ ಮನೆಮಂದಿಯೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ವಿಚಾರಿಸುತ್ತಾರೆ. ಅದರ ಪಕ್ಕದ ಸಾಲಿನಲ್ಲಿರುವ ಹೆಮಟೋಕ್ರಿಟ್ ಯಾರ ಗಮನಕ್ಕೂ ಬರುವುದಿಲ್ಲ. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ ರಕ್ತ ಗಟ್ಟಿಯಾಗುವುದು ಪ್ರಾಣಕ್ಕೆ ಕುತ್ತು ತರುತ್ತದೆ. ಆಗ ಹೆಮಟೋಕ್ರಿಟ್ ಏರುತ್ತದೆ. ರಕ್ತಸ್ರಾವ ಇಲ್ಲದ, ಪ್ಲೇಟ್‌ಲೆಟ್ 20,000ಕ್ಕೆ ಇಳಿದ ವಯಸ್ಕರಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಏರಿಸಿದರೆ ರಕ್ತಸ್ರಾವ ತಪ್ಪುವುದಿಲ್ಲವೆಂದು ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ಸಂಖ್ಯೆಗೆ ಹೆದರಿ ಊರೂರು ಅಲೆಯುವ ಬದಲು ರೋಗಿಯನ್ನೂ ಇಡೀ ಚೀಟಿಯನ್ನೂ ನೋಡುವ ವೈದ್ಯರ ಮಾತು ಕೇಳುವುದು ಒಳ್ಳೆಯದು.

ನೀಲಿ ಮಾತ್ರೆ

ಕೊನೆಯದಾಗಿ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಹತ್ತೊಂಬತ್ತನೇ ಶತಮಾನದ ಯೂರೋಪಿನ ವೈದ್ಯ ಗ್ರಂಥಗಳಲ್ಲಿ ಹದಿಹರೆಯದ ಹುಡುಗಿಯರಿಗೆ ಬರುವ 'ಹಸಿರು ಕಾಯಿಲೆ' ಎಂಬುದರ ವರ್ಣನೆಯಿದೆ. ಮುಖ ಬಿಳಿಚುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಯಾವ ಕೆಲಸಕ್ಕೂ ಉತ್ಸಾಹವಿಲ್ಲ. ಪ್ರೇಮದ ಕೊರಗು, ವಯಸ್ಸಿನ ದೋಷ ಎಂದೆಲ್ಲ ಹೇಳುತ್ತಿದ್ದರು. ಫ್ರಾನ್ಸಿನ ಬ್ಲೋ ಎಂಬ ವೈದ್ಯ 1830ರ ದಶಕದಲ್ಲಿ ಕಬ್ಬಿಣದ ಗುಳಿಗೆ ಕೊಟ್ಟು ಗುಣಪಡಿಸಿದ. 1867ರಲ್ಲಿ ಡಂಕನ್ ಎಂಬಾತ ಈ ಹುಡುಗಿಯರ ಕೆಂಪು ಕಣಗಳಲ್ಲಿ ಬಣ್ಣವೇ ಕಡಿಮೆ ಎಂದು ಅಳೆದು ತೋರಿಸಿದ. ಅಳತೆ ಬಂದ ಮೇಲೆ ಹುಡುಗಿಯರ ಮೇಲಿನ ಆರೋಪ ಬಿದ್ದುಹೋಯಿತು.

ನಮ್ಮಲ್ಲಿ ಇನ್ನೂ ಪೂರ್ತಿ ಬಿದ್ದಿಲ್ಲ. "ಓದುವಾಗ ತೂಕಡಿಸುತ್ತಾಳೆ, ಸೋಮಾರಿ" ಎಂಬ ಮಾತನ್ನು ತಾಯಂದಿರಿಂದಲೂ ಶಿಕ್ಷಕರಿಂದಲೂ ನಾನು ಕೇಳಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಈ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆ ಕಬ್ಬಿಣ ಬ್ಲೋ ವೈದ್ಯನ ಗುಳಿಗೆಯ ವಂಶದ್ದು. ಫೋಲಿಕ್ ಆಮ್ಲ ಬೊಂಬಾಯಿಯ ಗಿರಣಿ ಹೆಂಗಸರು ಬೆರಳು ಚುಚ್ಚಿಸಿಕೊಂಡು ಕೊಟ್ಟ ರಕ್ತದಿಂದ ಬಂದದ್ದು. ವಾಂತಿ ಬರುತ್ತದೆಂದು ಕಿಟಕಿಯಿಂದ ಎಸೆಯುವ ಮಕ್ಕಳಿಗೆ ಇಷ್ಟು ಹೇಳಿ, ಊಟವಾದ ಮೇಲೆ ನುಂಗಿಸಿ. ವರ್ಷಕ್ಕೆರಡು ಸಲದ ಜಂತುಹುಳು ಮಾತ್ರೆಯನ್ನೂ ತಪ್ಪಿಸಬೇಡಿ. ಕೊಕ್ಕೆಹುಳು ಕರುಳಿನಲ್ಲಿ ಕುಳಿತು ರಕ್ತ ಕುಡಿಯುತ್ತಿದ್ದರೆ ಕಬ್ಬಿಣ ಎಷ್ಟು ಹಾಕಿದರೂ ತೂತಿನ ಕೊಡಕ್ಕೆ ನೀರು ಹಾಕಿದಂತೆ.

ಊರಿನಲ್ಲಿ ಹಿಮೋಗ್ಲೋಬಿನ್ ಶಿಬಿರಗಳು ಈಗ ಆಗಾಗ ನಡೆಯುತ್ತವೆ. ಬೆರಳು ಚುಚ್ಚುತ್ತಾರೆ, ಸಂಖ್ಯೆ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ. 8 ಗ್ರಾಂ ಇದ್ದ ಹುಡುಗಿ ಮುಂದೆ ಏನಾದಳು ಎಂದು ಕೇಳುವವರಿಲ್ಲ. ಲೂಸಿ ವಿಲ್ಸ್ ಸಂಖ್ಯೆ ಬರೆದುಕೊಂಡು ಹಡಗು ಹತ್ತಿದ್ದರೆ ಫೋಲಿಕ್ ಆಮ್ಲದ ಕತೆ ಇರುತ್ತಿರಲಿಲ್ಲ. ರಕ್ತಹೀನತೆಗೆ ದಿನವೂ ಮಾತ್ರೆ ತೆಗೆದುಕೊಳ್ಳುವ ಹುಡುಗಿಯಲ್ಲಿ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕು, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇದು ತಿಳಿಯುವುದು ಎರಡನೇ ಸಲ ಎಣಿಸಿದಾಗ ಮಾತ್ರ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಕೊಳವೆಬಾವಿ, ಧ್ವಜಸ್ತಂಭ ಎಲ್ಲ ಆಗಲಿ. ಅದರ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರ ಸಹಾಯದಿಂದ ನಮ್ಮ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪುಸ್ತಕವೊಂದನ್ನು ಶಾಲೆಯಲ್ಲಿ ಇಡೋಣ. ಇತರರ ಕಣ್ಣಿಗೆ ಬೀಳದಂತೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ. ಹೆಸರಿನ ಮುಂದೆ ಮೊದಲ ಸಂಖ್ಯೆ, ಅದರ ಪಕ್ಕ ತಿಂಗಳ ನಂತರದ ಸಂಖ್ಯೆಗೆ ಖಾಲಿ ಜಾಗ. ಆ ಖಾಲಿ ಜಾಗ ತುಂಬುವವರೆಗೆ ಬೆನ್ನು ಹತ್ತುವ ಕೆಲಸಕ್ಕೆ ನಿವೃತ್ತಳಾದ ನಾನು ವಾರದಲ್ಲಿ ಒಂದು ದಿನ ಬರಲು ಸಿದ್ಧಳಿದ್ದೇನೆ.